ಡಬ್ಬಿಯ ತಳ

ಲಷ್ಕರ್ ಮೊಹಲ್ಲಾದ ನಮ್ಮ ಬೇಕರಿಗೆ
ಹನ್ನೊಂದು ಪುಟದ ಅರ್ಜಿ ಬಂದಿದೆ.
ತುಂಬುವವಳು ನಾನು,
ಈ ಮನೆಯಲ್ಲಿ ಪಿಯುಸಿ ದಾಟಿದ ಒಬ್ಬಳೇ ಸೊಸೆ.

ಜೆಲಾಟಿನ್ ಇದೆಯೇ? ಇಲ್ಲ.
ವೆನಿಲ್ಲಾ ಎಸೆನ್ಸಿನಲ್ಲಿ ಮದ್ಯಸಾರ?
ಸೀಸೆ ತಿರುಗಿಸಿದೆ, ಅಕ್ಷರ ಇರುವೆಗಿಂತ ಸಣ್ಣ.
ಬನ್ನಿಗೆ ಬೆಣ್ಣೆ ಸವರುವ ಕುಂಚದ ಕೂದಲು
ಯಾವ ಪ್ರಾಣಿಯದು?
ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಕುಂಚ ಮೂಸಿ ನೋಡಿದೆ. ಬರೀ ಬೆಣ್ಣೆ.

ಅತ್ತೆ ಖೈರುನ್ನಿಸಾ ರಸ್ಕು ಆರಿಸುತ್ತ ಕೇಳಿದರು:
ತೂಕದ ಮಾತು ಎಲ್ಲಾದರೂ ಇದೆಯಾ ಅದರಲ್ಲಿ?
ಇಲ್ಲ ಅಮ್ಮಿ.
ಮೂರು ಸಲ ಕಾಯಿಸಿದ ಎಣ್ಣೆ?
ಇಲ್ಲ.
ಹಿಟ್ಟು ನಾದುವ ಹುಡುಗನ ಕೂಲಿ,
ಅವನ ಬೆವರು ಆರುವ ಮುಂಚೆ ಕೊಟ್ಟೆವೋ ಇಲ್ಲವೋ?
ಪುಟ ಮಗುಚಿದೆ, ಮತ್ತೆ ಮಗುಚಿದೆ.
ಅದಕ್ಕೆ ಖಾನೆಯೇ ಇರಲಿಲ್ಲ.

ಹಲಾಲ್ ಅಂದರೆ ಹೊಸಿಲು ದಾಟಿದ ಹಾಗೆ ಬೇಟಿ, ಅಷ್ಟೆ.
ಊಟಕ್ಕೆ ಕೂರಿಸುವುದು ತಯ್ಯಿಬ್.
ತಿಂದವರ ಮೈಗೆ ಹಿಡಿಸಬೇಕು,
ಮಾರಿದವರಿಗೆ ರಾತ್ರಿ ನಿದ್ದೆ ಬರಬೇಕು.

ಹಿಂದೆ ಪೇಟೆಯಲ್ಲಿ ಧಾನ್ಯದ ರಾಶಿಗೆ ಕೈ ಹಾಕಿ
ಅಡಿಯ ಹಸಿಯನ್ನು ಬೆರಳಲ್ಲೇ ಕಂಡುಕೊಂಡವರ ಕತೆ
ಮದುವೆಯಾಗಿ ಬಂದ ವಾರವೇ ಹೇಳಿದ್ದರು.
ಆಗ ಅದು ಕತೆ.

ಈಗ ತೋಳು ಮಡಚಿ,
ಆಷಾಢದ ಥಂಡಿ ಕುಡಿದ ದೊಡ್ಡ ಡಬ್ಬಿಯೊಳಗೆ
ಮೊಣಕೈವರೆಗೂ ಇಳಿದರು.
ಮೇಲಿನ ರಸ್ಕು ಕಟುಂ ಅನ್ನುತ್ತಿತ್ತು.
ಅಡಿಯದು ಮಗುವಿನ ಕಿವಿಯ ಹಾಗೆ ಬಾಗಿತು.

ಅಡಿಯದನ್ನೆಲ್ಲ ಎತ್ತಿ ಮೇಲಕ್ಕಿಟ್ಟರು.
ನನ್ನವರು, ಗೌಸ್‌ಪೀರ್, ತಲೆ ಚಚ್ಚಿಕೊಂಡರು:
ಗಿರಾಕಿ ಓಡಿಹೋಗ್ತಾರೆ ಅಮ್ಮಿ!
ಮೊಟ್ಟೆ ಪೆಟ್ಟಿಗೆಯ ರಟ್ಟು ಹರಿದು ನನ್ನ ಕೈಗೆ ಕೊಟ್ಟರು.
ಬರೆ. ಕನ್ನಡದಲ್ಲೇ ಬರೆ, ದಪ್ಪಗೆ:
ಮೆತ್ತಗಾಗಿವೆ. ಅರ್ಧ ಬೆಲೆ.

ಮಧ್ಯಾಹ್ನದವರೆಗೂ ಯಾರೂ ಮುಟ್ಟಲಿಲ್ಲ.
ಇಬ್ಬರು ಓದಿ ಮುಂದಿನ ಅಂಗಡಿಗೆ ಹೋದರು.
ಸಿದ್ಲಿಪುರ ರೂಟಿನ ಕಂಡಕ್ಟರ್ ಬಂದು, ಓದಿ, ಒತ್ತಿ ನೋಡಿ,
ಕಾಲು ಕಿಲೋ ಕೊಡಿ, ಅಂದ.
ನಮ್ಮವ್ವನಿಗೆ ಹಲ್ಲಿಲ್ಲ.

ಉಳಿದದ್ದು ಉಳಿಯಿತು. ಲೆಕ್ಕದಲ್ಲಿ ನಷ್ಟ ಅಂತಲೇ ಬರೆದೆ.

ರಾತ್ರಿ ಅರ್ಜಿಯ ಕೊನೆಯ ಪುಟ.
ಇತರೆ ವಿವರಗಳಿದ್ದಲ್ಲಿ, ಅಂತ ಎರಡು ಗೆರೆ ಜಾಗ.
ಅತ್ತೆ ಹೇಳಿದರು, ನಾನು ಬರೆದೆ:
ತಪಾಸಣೆಗೆ ಬಂದಾಗ
ದಯವಿಟ್ಟು ಡಬ್ಬಿಯ ತಳಕ್ಕೆ ಕೈ ಹಾಕಿ.

ಸಹಿ ಆಯಿತು, ಮೊಹರೂ ಆಯಿತು.
ಕುಂಚದ ಖಾನೆ ಮಾತ್ರ ಖಾಲಿ.
ನಾಳೆ ಗಾಂಧಿ ಬಜಾರಿನಲ್ಲಿ ಕೇಳಬೇಕು,
ಯಾವ ಪ್ರಾಣಿಯದು ಅಂತ.
ಅಂಗಡಿಯವನು ನಗಬಹುದು.
ನಗಲಿ.