ಒರೆಸಿದ ಗಾಜು

ಪೆರೆಸ್ ಅವುವೊರ್ ಬಂದಾಗ
ಬಲಗೈಗೆ ಬೆರಳ ತುದಿಯಿಂದ ಮೊಣಕೈವರೆಗೆ ಪ್ಲಾಸ್ಟರು.
ಎಡಗೈಯಲ್ಲಿ ಒಂದು ಚೀಲ, ಚೀಲದೊಳಗೆ ಫೋನು.
ಸೀಕು ಬಡಿದ ಕೋಳಿಯನ್ನು ಹಿಡಿದ ಹಾಗೆ ಹಿಡಿದಿದ್ದಳು.
ಕಿಸುಮು ಬಸ್ ನಿಲ್ದಾಣದ ಹಿಂದೆ ನನ್ನ ಅಂಗಡಿ:
ಒಂದು ಮೇಜು, ಛತ್ರಿ, ಬೆಸುಗೆ ಕಡ್ಡಿ.
'ಒಚೋಲಾ, ಬೀಗದ ಕೈ ಮುರಿದಿದೆ' ಅಂದಳು.
ತಮಾಷೆ ಅಂದುಕೊಂಡೆ.

ಎಲ್ಲರಿಗೂ ಮಾಡುವುದನ್ನೇ ಮೊದಲು ಮಾಡಿದೆ:
ಬಟ್ಟೆಗೆ ಎರಡು ಹನಿ ಸ್ಪಿರಿಟ್ ಹಾಕಿ ಗಾಜು ಒರೆಸಿದೆ.
ಗಿರಾಕಿಗೆ ತೋರಿಸುವ ಮರ್ಯಾದೆ ಅದು.
ಒಮೇನಾ ಮೀನಿನ ಜಿಡ್ಡೆಲ್ಲ ಹೋಗಿ
ಅವಳ ಮುಖ ಕಂಡಿತು ಅದರಲ್ಲಿ, ನನ್ನದೂ ಅರ್ಧ.

ಒಂಬತ್ತು ಚುಕ್ಕಿ. ಯಾವುದರಿಂದ ಹೊರಡುತ್ತಿದ್ದಿ?
'ಗೊತ್ತಿಲ್ಲ.'
ಮೇಲಿನದೋ, ಕೆಳಗಿನದೋ?
'ನಾನ್ಯಾವತ್ತು ನೋಡಿದ್ದೆ? ಮೀನು ಅಳೆಯುತ್ತಾ, ಚಿಲ್ಲರೆ ಎಣಿಸುತ್ತಾ ಇರುವಾಗ
ಹೆಬ್ಬೆರಳು ತಾನೇ ಹೋಗಿ ತೆರೆದು ಬರುತ್ತಿತ್ತು.'
ಆ ಹೆಬ್ಬೆರಳು ಈಗ ಸುಣ್ಣದ ಗೂಡಿನಲ್ಲಿ,
ಮೊನ್ನೆ ಬಾಡಿಗೆ ಬೈಕಿನಿಂದ ಬಿದ್ದಾಗಿನಿಂದ.
ಮನೆಯಲ್ಲಿ ಮುಟ್ಟಿಯೇ ಇರಲಿಲ್ಲವಂತೆ, ಕೆಟ್ಟೀತೆಂದು.

ಎಡಗೈಯಲ್ಲಿ ಗೀಚಿದಳು. ತಪ್ಪು. ತಪ್ಪು. ತಪ್ಪು. ತಪ್ಪು. ತಪ್ಪು.
ಮೂವತ್ತು ಸೆಕೆಂಡು ಕಾಯಿ, ಅಂದಿತು ಫೋನು.
ಕಾದೆವು.
ಸಂಜೆ ಹೊತ್ತಿಗೆ ಒಂದು ಗಂಟೆ ಕಾಯಿ ಅನ್ನತೊಡಗಿತು,
ಸರ್ಕಾರಿ ಕಚೇರಿಯ ಹಾಗೆ.

ಇನ್ನೊಂದು ದಾರಿ ಇದೆ, ಅಂದೆ. ಇನ್ನೂರು ಶಿಲಿಂಗ್.
ಎಲ್ಲ ಅಳಿಸಿ ಹೊಸದಾಗಿ ಶುರು ಮಾಡೋದು.
'ಬಾಗಿಲು ತೆಗಿ ಅಂದರೆ ಮನೆಗೇ ಬೆಂಕಿ ಇಡ್ತೀಯಾ?'

ಆಮೇಲೆ ಹೇಳಿದಳು.
ಇಪ್ಪತ್ತೆರಡು ಹೆಂಗಸರ ಮಂಗಳವಾರದ ಚೀಟಿ.
ಯಾರು ಕಟ್ಟಿದರು, ಯಾರು ಎತ್ತಿದರು,
ಯಾರ ಮಗುವಿನ ಜ್ವರಕ್ಕೆ ಎಷ್ಟು ಹೋಯಿತು,
ಎಲ್ಲ ಅದರೊಳಗೆ. ಪುಸ್ತಕವಿತ್ತು ಮೊದಲು, ಇಲಿ ತಿಂದಿತು.
'ಲೆಕ್ಕ ಮರೆತೆ ಅಂದರೆ ಲೆಕ್ಕ ನುಂಗಿದೆ ಅಂತ ಅರ್ಥ
ನಮ್ಮ ದಂಡೆಯಲ್ಲಿ.
ರಿಸ್ಪಾ ಆಗಲೇ ಮಾತು ಬಿಟ್ಟಿದ್ದಾಳೆ.'

ಆ ರಾತ್ರಿ ಊಟದ ತಟ್ಟೆ ತೊಳೆಯುವಾಗ
ಕೈಯೆಲ್ಲ ಎಣ್ಣೆ,
ಥಟ್ಟನೆ ನಿಂತುಬಿಟ್ಟೆ.

ಜಿಡ್ಡು.
ಗಾಜಿನ ಮೇಲೆ ಇದ್ದೇ ಇದ್ದಿರಬೇಕು,
ಬಸವನಹುಳು ಬಿಟ್ಟು ಹೋದ ಜಾಡಿನಂತೆ
ಆ ಹೆಬ್ಬೆರಳು ದಿನಕ್ಕೆ ನೂರು ಸಲ ತುಳಿದ ದಾರಿ.
ಬಿಸಿಲಿಗೆ ಓರೆ ಹಿಡಿದಿದ್ದರೆ ಮಗುವೂ ಓದುತ್ತಿತ್ತು.
ನಾನೇ ಒರೆಸಿದ್ದೆ.
ಎರಡು ಹನಿ ಸ್ಪಿರಿಟ್ ಹಾಕಿ, ಮರ್ಯಾದೆಯಿಂದ.

ಅವಳಿಗೆ ಹೇಳಲಿಲ್ಲ.
ಆರು ವಾರ, ಪ್ರತಿ ಮಂಗಳವಾರ ಅಂಗಡಿ ಮುಂದೆ ಹಾದಳು.
ಮೊದಮೊದಲು ಜೊತೆಗೆ ಇಬ್ಬರು ಮೂವರು, ಬರಬರುತ್ತಾ ಒಬ್ಬಳೇ.
'ಕಾಯ್ತಿದೀನಿ' ಅನ್ನುವಳು, ಬಸ್ಸಿಗೆ ಎನ್ನುವಂತೆ.
ನಾನು ಬೇರೆಯವರ ಫೋನಿನಲ್ಲಿ ಮುಖ ಹುದುಗಿಸುತ್ತಿದ್ದೆ.

ಪ್ಲಾಸ್ಟರು ಕೊಯ್ದ ದಿನ ನೇರ ನನ್ನ ಹತ್ತಿರ ಬಂದಳು.
ಕೈ ಸಣ್ಣಗಾಗಿತ್ತು, ಬೂದಿ ಬಣ್ಣ, ಬೇರೆ ಯಾರದೋ ಎಂಬಂತೆ.
ಹೆಬ್ಬೆರಳು ಗಾಜಿನ ಮೇಲೆ ಇಳಿದು ತಬ್ಬಿಬ್ಬಾಗಿ ನಿಂತಿತು.
ತಪ್ಪು.
ಮತ್ತೂ ತಪ್ಪು.
ನೋಡಬೇಡ ಅದನ್ನ, ಅಂದೆ. ನನ್ನ ಕಡೆ ನೋಡು.
ಆ ರಿಸ್ಪಾ ಏನಂದಳು, ಹೇಳು.

ಕೇಳಬೇಕೇ!
ರಿಸ್ಪಾಳ ಬಾಯಿ, ಅವಳ ಗಂಡನ ಬಾಯಿ,
ತೂತು ಬಿದ್ದ ಅವರ ದೋಣಿ, ಒಣಗದ ಅವರ ಮೀನು,
ಬೈಗುಳ ಸರೋವರದ ಆಚೆ ದಡ ಮುಟ್ಟುವಷ್ಟರಲ್ಲಿ
ಮೇಜಿನ ಮೇಲೆ ಸಣ್ಣಗೆ ಟಿಕ್ ಅಂದಿತು.

ಇಬ್ಬರೂ ಸುಮ್ಮನಾದೆವು.
ಇಪ್ಪತ್ತೆರಡು ಹೆಸರು ಬೆಳಕಿನಲ್ಲಿ ಕೂತಿದ್ದವು.

ಬರೆದಿಟ್ಟುಕೋ ಅಂತ ಕಾಗದ ಕೊಟ್ಟೆ.
ಒಂಬತ್ತು ಚುಕ್ಕಿ ಇಟ್ಟಳು, ಪೆನ್ನು ಎತ್ತಿ ಹಿಡಿದಳು,
ನಕ್ಕಳು. ಗೊತ್ತಿರಲಿಲ್ಲ.

ಫೋನು ಎತ್ತಿದಾಗ ಗಾಜಿನ ಮೇಲೆ
ಹೊಳೆಯುತ್ತಿತ್ತು ಒಂದು ಸೊಟ್ಟ ಗೆರೆ.
ನನ್ನ ಕೈ ತಾನಾಗಿ ಬಟ್ಟೆಯ ಕಡೆ ಹೋಯಿತು.
ಹಿಂದಕ್ಕೆಳೆದು ಮೇಜಿನಡಿ ಇಟ್ಟುಕೊಂಡೆ.

'ಒರೆಸೋದಿಲ್ವಾ ಇವತ್ತು?'

ಸ್ಪಿರಿಟ್ ಮುಗಿದಿದೆ, ಅಂದೆ.