ಕೊಸರು

ಟ್ಯೂಬ್‌ಲೈಟು ಆರಿಸಿ ಕೂತಿದ್ದೇನೆ.
ಮಸೂರದ ಕೆಳಗೆ ಒಂದು ಜೀವಕೋಶ,
ಎರಡಾಗುವ ಹೊತ್ತಿಗೆ ಸರಿಯಾಗಿ ಮದ್ದಿಗೆ ಸಿಕ್ಕು
ತನ್ನ ವರ್ಣತಂತುಗಳ ಗಂಟು ಬಿಚ್ಚಿದೆ,
ಶನಿವಾರ ಖೂಟದ ಮೂಲೆಯಲ್ಲಿ
ಗೋಣಿತಟ್ಟಿನ ಮೇಲೆ ಪಲ್ಯೆ ಹರವಿದ ಹಾಗೆ.

ಎಣಿಸಬೇಕು. ನನಗೆ ಪಗಾರ ಎಣಿಸುವುದಕ್ಕೇ.
ನಲವತ್ತಾರು ಇರಬೇಕು, ಜೋಡಿ ಜೋಡಿ.
ನಲವತ್ತೆಂಟು.
ಕಣ್ಣುಜ್ಜಿ ಮತ್ತೆ. ಪಕ್ಕದ ಕೋಶದಲ್ಲೂ.
ಹದಿನೇಳನೆಯ ಕೋಶದಲ್ಲೂ.

ಹತ್ತನೆಯದು ಮೂರಿವೆ.
ಒಂದನೆಯ ಜೋಡಿಯ ಮಗ್ಗುಲಿಗೆ ಇನ್ನೊಂದು ನಿಂತಿದೆ,
ಎರಡೂ ಕಡೆ ಉದ್ದ ತೋಳು, ಮೋಟು ತೋಳೇ ಇಲ್ಲ,
ಕನ್ನಡಿಯೊಳಗಿನ ತನ್ನನ್ನೇ
ಬಾಚಿ ತಬ್ಬಿಕೊಂಡ ಹಾಗೆ.

ಚೀಟಿ: ಗರ್ಭಕೋಶದ ಒಳಪದರ. ಐವತ್ತೆಂಟು. ಕಡೋಲಿ.
ಹೆಸರು ಓದಬಾರದೆಂದು ನನ್ನ ನೇಮ.
ಓದಿದೆ.
ಲಗಮವ್ವ.

ಕಡೋಲಿಯಲ್ಲಿ ಎಷ್ಟು ಜನ ಲಗಮವ್ವರಿಲ್ಲ!
ಆದರೆ ನಾನು ಬಲ್ಲ ಲಗಮವ್ವ
ಮೂರು ವಾರದಿಂದ ಪೇಟೆಗೆ ಬಂದಿಲ್ಲ.
ಅವಳ ಜಾಗದಲ್ಲೊಬ್ಬ ಹುಡುಗ
ಮೊಬೈಲ್ ಕವರು ಮಾರುತ್ತಾನೆ.
ಕೊನೆಯ ಸಲ ಮೆಂತೆಯ ಸಿವುಡು ಕೊಡುತ್ತ
ಹತ್ತಿರ ಕರೆದು, ನಕ್ಕು, ಹೇಳಿದ್ದಳು:
“ನಿಂತು ಎಂಟ ವರ್ಷಾತ್ರಿ ಬಾಯಾರ, ಈಗ ಮತ್ತ ಬಂದೈತಿ,
ಕರೀದನ ತವರಿಗೆ ಬಂದ ಮಗಳಂಗ.
ಹರೇ ತಿರಗಿ ಬಂತೇನ್ರೀ?”
ನಾನು ನಗಲಿಲ್ಲ. ನಾಳೆಯೇ ದವಾಖಾನೆಗೆ ಹೋಗು ಅಂದೆ.
“ಮೆಣಸಿನಕಾಯಿ ಬಿಡಿಸೂದು ಮುಗೀಲಿ” ಅಂದವಳು
ಒಂದು ಹಿಡಿ ಕೊತ್ತಂಬರಿ ನನ್ನ ಚೀಲಕ್ಕೆಸೆದಳು.
“ಇರಲಿ, ಕೊಸರು.”

ತೂಗಿ ಆದಮೇಲೂ ಒಂದು ಹಿಡಿ,
ಎಣಿಸಿ ಆದಮೇಲೂ ಒಂದು ಲಿಂಬೆ.
ಹೆಚ್ಚಾದದ್ದು ಕೇಡೆಂದು
ಈ ಊರಿನ ಯಾವ ಪೇಟೆಯೂ ನನಗೆ ಕಲಿಸಲಿಲ್ಲ.
ಮುಯ್ಯಿಗೂ ನೂರರ ಮೇಲೊಂದು ಇಟ್ಟೇ ಕೊಡುವವರು ನಾವು.

ಕೇಳದೆ, ಕೈ ತೋರಿಸದೆ
ಯಾರು ಹಾಕಿದರು ಈ ಎರಡನ್ನು
ಅವಳ ತಕ್ಕಡಿಗೆ?

ವರದಿಯಲ್ಲಿ ಕೊತ್ತಂಬರಿಗೆ ಜಾಗವಿಲ್ಲ, ತವರಿಗೂ.
ನಲವತ್ತೆಂಟು, ಅಲ್ಪವಿರಾಮ, ಎರಡು ಎಕ್ಸ್,
ಒಂದು ಕೂಡಿಸುವ ಚಿಹ್ನೆ,
ಇನ್ನೊಂದು ಕೂಡಿಸುವ ಚಿಹ್ನೆ.
ಸಹಿ. ಡಾಕ್ಟರು ಓದಿಕೊಳ್ಳುತ್ತಾರೆ.

ಸಂಜೆ ಬೇರೊಬ್ಬನ ಹತ್ತಿರ ಮೆಂತೆ ಕೊಂಡೆ.
ಎಲೆಕ್ಟ್ರಾನಿಕ್ ಕಾಟಾದ ಕೆಂಪು ಅಂಕಿ ನಿಲ್ಲುವ ತನಕ ಕಾದು
ಒಂದು ಎಸಳು ತೆಗೆದ, ಮತ್ತೊಂದು ತೆಗೆದ,
ಸರಿಯಾಗಿ ಕಾಲು ಕಿಲೋ.
ದುಡ್ಡು ಎಣಿಸಿಕೊಂಡ, ಮುಂದಿನವರತ್ತ ತಿರುಗಿದ.

ನಾನು ಚೀಲ ಅಗಲಿಸಿ ಹಿಡಿದು
ಇನ್ನೂ ಅಲ್ಲೇ ನಿಂತಿದ್ದೆ.