ಹೆಬ್ಬೆರಳು

ಸೀಬ್ ಧಕ್ಕೆಯಿಂದ ಮುಕ್ಕಾಲು ಗಂಟೆ.
ದೈಮಾನಿಯತ್ ಎಂದರೆ ಇಷ್ಟೇ:
ಬೋಳು ಬಂಡೆ, ಬೊಗಸೆ ಮರಳು,
ಕಡಲಹಕ್ಕಿಗಳ ಹಿಕ್ಕೆಯ ಸುಣ್ಣ.

ನಾನು ಮಲ್ಪೆಯ ಮೊಗವೀರರ ಹುಡುಗಿ,
ಮೀನು ಕೊಯ್ದು ಗೊತ್ತು, ಈಜು ಗೊತ್ತಿರಲಿಲ್ಲ.
ದೋಣಿ ಗಂಡಸರದು, ಬುಟ್ಟಿ ನಮ್ಮದು.
ನಲವತ್ತೊಂದಕ್ಕೆ, ರೂವಿಯ ಹಲ್ಲಿನ ಆಸ್ಪತ್ರೆಯ ನರ್ಸು,
ಆರು ಶುಕ್ರವಾರ ಕೊಳದಲ್ಲಿ ನೀರು ಕುಡಿದು ಕಲಿತೆ.

ಕಲಿಸಿದವನು ಹಮೂದ್. ಅವನ ಮುತ್ತಜ್ಜ
ಮೂಗಿಗೆ ಚಿಮಟ, ಕಾಲಿಗೆ ಕಲ್ಲು ಕಟ್ಟಿ
ಮುತ್ತಿಗೆ ಇಳಿದವನಂತೆ.
ಬೆರಳು ಜೋಡಿಸಿ ಸೊನ್ನೆ ಮಾಡಿದರೆ: ಚೆನ್ನಾಗಿದ್ದೇನೆ.
ಹೆಬ್ಬೆರಳು ಎತ್ತಿದರೆ: ಸಾಕು, ಮೇಲೆ ಹೋಗೋಣ.
ಮರೀಬೇಡ, ಅಂದ.

ಬೆನ್ನು ಮುಂದಾಗಿ ಮಗುಚಿಕೊಂಡೆ.
ಕಿವಿ ಟಪ್ಪೆಂದಿತು. ಆಮೇಲೆ ಉಸಿರೊಂದೇ ಸದ್ದು,
ಯಾರೋ ಪಕ್ಕದಲ್ಲಿ ತಿದಿ ಒತ್ತುವ ಹಾಗೆ.
ಹವಳದ ಮೇಲೆ ಮೊಣಕೈ ಊರಿ
ಆಮೆಯೊಂದು ಊಟಕ್ಕೆ ಕೂತಿತ್ತು.
ಬಾಯಲ್ಲಿ ಒಂದೂ ಹಲ್ಲಿಲ್ಲ
(ನಾನು ಮೊದಲು ನೋಡುವುದೇ ಅದನ್ನು).
ಆದರೂ ಎಂಥ ಜಗಿತ, ಎಷ್ಟು ನಿಧಾನ,
ಇಡೀ ಕಡಲಿಗೆ ಮಧ್ಯಾಹ್ನ ರಜೆ ಕೊಟ್ಟ ಹಾಗೆ!

ಎಂಟು ವರ್ಷ ಮುಖಗವಸಿನ ಹಿಂದಿನಿಂದ
ರೋಗಿಗಳಿಗೆ ಎತ್ತಿ ತೋರಿಸಿದ ಹೆಬ್ಬೆರಳು
ತಾನಾಗಿ ಎದ್ದಿತು.

ಹಮೂದ್ ತೋಳು ಹಿಡಿದ.
ಅಲ್ಲ ಅಲ್ಲ ಅನ್ನಲು ಬಾಯ್ತುಂಬ ರಬ್ಬರು.
ಐದು ಮೀಟರಿನಲ್ಲಿ ಮೂರು ನಿಮಿಷ ತೇಲುತ್ತ ನಿಂತು
ನೋಡಿದೆ, ಕೆಳಗೆ ಆಮೆ ಬಟಾಣಿಯಷ್ಟಾಗುವುದನ್ನು.

ಏನಾಯ್ತು, ಎಂದ ದೋಣಿಯಲ್ಲಿ.
ಏನಿಲ್ಲ, ತುಂಬ ಚೆನ್ನಾಗಿತ್ತು ಅಂದೆ.

ಈಗ ಕುರ್ಚಿಯಲ್ಲಿ ಬಾಯಿ ತೆರೆದವರಿಗೆಲ್ಲ
ಸೊನ್ನೆಯನ್ನೇ ತೋರಿಸುತ್ತೇನೆ.
ಬಿಲ್ಲಿನ ಸೊನ್ನೆಯೋ ಎಂದು ಗಾಬರಿಯಾಗುತ್ತಾರೆ, ಪಾಪ.